ಬಡಗಿಯ ಹೆಂಡತಿಗೊಂದು ಗೋಡೆ ಕಪಾಟು

ಬಡಗಿಯನ್ನು ಮದುವೆಯಾದವಳಿಗೆ ನಗುವ ಸಂದರ್ಭಗಳಿಗೆ ಬರವಿಲ್ಲ; ಬರವಿರುವುದು ಕಪಾಟಿಗೆ. ನಮ್ಮವರು ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಕಂಡವರ ಮನೆಗೆಲ್ಲ ಗೋಡೆ ಕಪಾಟು ಮಾಡಿಕೊಟ್ಟವರು. ನನ್ನ ಸೀರೆಗಳು ಮಾತ್ರ ಮಂಚದಡಿಯ ಟ್ರಂಕಿನಲ್ಲಿ. ಎಲ್ಲವನ್ನೂ ಸಾಲಾಗಿ ತೂಗುಹಾಕಿ, ಬಾಗಿಲು ತೆರೆದು ಸುಮ್ಮನೆ ನೋಡುತ್ತ ನಿಲ್ಲಬೇಕೆಂಬುದು ನನ್ನ ಮದುವೆಯಷ್ಟೇ ಹಳೆಯ ಆಸೆ. ಕೇಳಿದರೆ, "ಈ ಒಂದು ಕೆಲಸ ಮುಗೀಲಿ ಮಾರಾಯ್ತಿ" ಎನ್ನುತ್ತಿದ್ದರು. ಆ ಒಂದು ಕೆಲಸ ಇನ್ನೂ ಮುಗಿದಿರಲಿಲ್ಲ.

ಮಿಕ್ಸಿ ಸದ್ದು

ಮಷಿನ್ ಸದ್ದಿನಲ್ಲಿ ಕೇಳುವುದಿಲ್ಲವೆಂದು ಅವರ ಫೋನು ನನ್ನ ಬಳಿ ಇರುತ್ತದೆ. ಹಾಗಾಗಿ ಅವರ ಸುಳ್ಳುಗಳೂ ನನ್ನ ಪಾಲಿಗೆ. ಒಮ್ಮೆ ಬನವಾಸಿ ಕಡೆಯ ಗಿರಾಕಿಯ ಫೋನು.

"ಮಿಸ್ತ್ರಿ ಹೊಂಟಾರೇನ್ರಿ?"

"ಆಗ್ಲೇ ಹೊರಟ್ರು."

"ಮತ್ತ ಹಿಂದ ಅದೇನ್ರಿ ಸಪ್ಪಳ?"

ಹಿತ್ತಲ ಶೆಡ್ಡಿನಲ್ಲಿ ನಮ್ಮವರು ಹಲಗೆ ಕೊಯ್ಯುತ್ತಿದ್ದರು. "ಮಿಕ್ಸಿ" ಎಂದೆ.

"ಏನ್ ರುಬ್ಬಾಕತ್ತೀರಿ ಅಕ್ಕಾರ, ಸಾಗವಾನಿ ಚಟ್ನಿಯೇನು?"

ಬೀಗದೊಳಗೆ

ಯಲ್ಲಾಪುರದ ಒಂದು ಮನೆಯಲ್ಲಿ ಕಪಾಟಿನ ಹಲಗೆ ಬಾಗಿತೆಂದು ಕರೆ ಬಂತು. ನಾನೂ ಜೊತೆಗೆ ಹೋದೆ. ಬೇರೆಯವರ ಕಪಾಟು ನೋಡುವುದಾದರೂ ನನಗೆ ಸಿಗಲಿ ಅಂತ. ಮನೆಯಮ್ಮ ಗಂಡಸರನ್ನೆಲ್ಲ ಹೊರಗೆ ಕಳಿಸಿ, ಸೆರಗಿನ ಗಂಟಿನಿಂದ ಕೀಲಿ ತೆಗೆದರು. ಚಿನ್ನವೇ ಇರಬೇಕೆಂದುಕೊಂಡೆ. ಒಳಗೆ ನೋಡಿದರೆ ಸಾಲಾಗಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಗಳು!

"ಚಿನ್ನ ಎಲ್ಲಿಡ್ತೀರಿ ಅಮ್ಮ?"

"ಅದು ಅಕ್ಕಿ ಡಬ್ಬದಲ್ಲಿದೆ. ಚಿನ್ನಕ್ಕೆ ನಮ್ಮನೇಲಿ ಯಾರೂ ಕೈ ಹಾಕೂದಿಲ್ಲ."

ಉಪ್ಪಿನಕಾಯಿಗೂ ಕಪಾಟು ಸಿಕ್ಕಿತಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊಟ್ಟೆ ಉರಿಯಿತು.

ದೀಪಾವಳಿವರೆಗೆ

ನಮ್ಮ ಕಡೆ ಮಳೆ ಹಿಡಿಯಿತೆಂದರೆ ಮರ ಉಬ್ಬಿ ಕಪಾಟಿನ ಬಾಗಿಲು ಕಚ್ಚಿಕೊಳ್ಳುತ್ತದೆ. ಆಗ ಅಂಚು ಹೆರೆದರೆ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದಿ ಬೀಳುತ್ತದೆ. ಅದಕ್ಕೇ ಯಾರು ಫೋನ್ ಮಾಡಿದರೂ ನನ್ನದು ಒಂದೇ ಉತ್ತರ: "ಈಗ ಹೆರೆಯೂಕೆ ಆಗೂದಿಲ್ಲ, ದೀಪಾವಳಿವರೆಗೆ ತಡೀರಿ." ಈ ಸಲ ಸಿದ್ದಾಪುರದ ಅಮ್ಮನೊಬ್ಬರು, "ಒಳ್ಳೇ ಸೀರೆ ಎಲ್ಲ ಒಳಗೇ ಉಳೀತು ತಂಗೀ" ಎಂದು ಗೋಗರೆದರು. ಅವರಿಗೂ ಅದನ್ನೇ ಹೇಳಿದೆ.

ಹೇಳುವಾಗ ಗತ್ತು ತುಸು ಜಾಸ್ತಿಯೇ ಇತ್ತು. ಯಾಕೆಂದರೆ ಬೇಸಿಗೆಯಲ್ಲಿ ಯಾವ ದೇವರು ಬುದ್ಧಿ ಕೊಟ್ಟನೋ, ನಮ್ಮವರು ನನಗೂ ಕಪಾಟು ಮಾಡಿಕೊಟ್ಟಿದ್ದರು. ಒಳ್ಳೇ ಸೀರೆಗಳನ್ನೆಲ್ಲ ತೂಗುಹಾಕಿ, ಬಾಗಿಲು ತೆರೆದು ನಿಂತಾಗ ಕಣ್ಣು ತುಂಬಿ ಬಂದಿತ್ತು. ದಿನವೂ ತೆರೆಯುತ್ತಿದ್ದೆ, ನೋಡುತ್ತಿದ್ದೆ, ಮುಚ್ಚುತ್ತಿದ್ದೆ. ಒಂದು ಜಡಿಮಳೆಯ ಬೆಳಿಗ್ಗೆ ಅದು ತೆರೆಯಲಿಲ್ಲ.

ಅಷ್ಟರಲ್ಲಿ ಶ್ರಾವಣದ ಪೂಜೆಗೆ ಸಿದ್ದಾಪುರದ ಆ ಅಮ್ಮನಿಂದಲೇ ಕರೆ ಬಂತು. "ಸ್ವಲ್ಪ ಹೆರೆದುಕೊಡಿ" ಎಂದು ನಮ್ಮವರಿಗೆ ಕೈ ಮುಗಿದೆ. ಅವರು ಬಾಗಿಲು ತಟ್ಟಿ ನೋಡಿ, ಗಂಭೀರವಾಗಿ ಹೇಳಿದರು: "ದೀಪಾವಳಿವರೆಗೆ ತಡಿ."

ಟ್ರಂಕಿನ ತಳದಲ್ಲಿ ಉಳಿದಿದ್ದ ಹಳೇ ಹತ್ತಿ ಸೀರೆ ಉಟ್ಟು ಹೋಗಿ, ಹೆಂಗಸರ ಹಿಂದೆ ಮುದುಡಿ ಕೂತೆ. ಅರಿಶಿನ ಕುಂಕುಮ ಹಿಡಿದು ಮನೆಯಮ್ಮ ಬಂದರು. ಅವರದೂ ಬಣ್ಣಗೆಟ್ಟ ಹತ್ತಿ ಸೀರೆ. ನನ್ನ ಸೀರೆಯನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮುಖದಲ್ಲಿ ಮೆಲ್ಲಗೆ ನಗು ಮೂಡಿತು.

ಕುಂಕುಮ ಹಚ್ಚಿ, ಉಡಿಗೆ ಬರೀ ತೆಂಗಿನಕಾಯಿ ಹಾಕಿ ಹೇಳಿದರು: "ರವಿಕೆ ಕಣವೂ ಒಳಗೇ ಇದೆ ತಂಗೀ. ದೀಪಾವಳಿವರೆಗೆ ತಡಿ."