ಒಂದು ಬೆಡ್‌ಶೀಟಿನಷ್ಟು ನೆರಳು

ಇಂದ,
ಹಿತ್ತಲಿನ ಬಿಳಿ ಗುಲಾಬಿ ಪೊದೆ,
ಅದರ ಪರವಾಗಿ: ಅದಕ್ಕೆ ನೀರು ಹಾಕುವವಳು (ಇನ್ನು ಮುಂದೆ ‘ಅರ್ಜಿದಾರಳು’),
ತಮ್ಮ ಹಿಂಬದಿ ಗೋಡೆಯ ಈಚೆಯ ಮನೆ.

ಗೆ,
ಲಾಂಡ್ರಿ ಮಾವನವರು,
ಮಾಲೀಕರು, ಬಟ್ಟೆ ಒಗೆಯುವ ಅಂಗಡಿ,
ಅದೇ ಗೋಡೆಯ ಆಚೆ.

ವಿಷಯ: ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಒಂದು ಬೆಡ್‌ಶೀಟಿನಷ್ಟು ನೆರಳನ್ನು ಮಂಜೂರು ಮಾಡುವ ಕುರಿತು.

ಉಲ್ಲೇಖ:
೧) ತಾವು ಮಹಡಿಯಿಂದ ಬಗ್ಗಿ, ‘ಬಾಯಲ್ಲಿ ಹೇಳಿದ್ದೆಲ್ಲ ನಾನು ತಗೊಳ್ಳಲ್ಲ, ಬರ್ದು ಕೊಡು’ ಎಂದು ಅಪ್ಪಣೆ ಕೊಡಿಸಿದ್ದು.
೨) ಅಜ್ಜಿ ಅರ್ಧಕ್ಕೆ ನಿಲ್ಲಿಸಿದ ಕತೆ.
೩) ತಮ್ಮ ಮಹಡಿಯ ಮೇಲೆ ಬಿದ್ದಿರುವ ಕಪ್ಪು ಛತ್ರಿ.

ಮಾನ್ಯರೇ,

ಒಂದೇ ಒಂದು ಕರವಸ್ತ್ರ ತಂದವರಿಂದಲೂ ತಾವು ಚೀಟಿ ಬರೆಸಿಕೊಳ್ಳುವುದು ಬೀದಿಗೆಲ್ಲ ತಿಳಿದದ್ದೇ. ಆದಕಾರಣ ಅರ್ಜಿದಾರಳು ತನ್ನ ಸಂಕಟವನ್ನು ಗೋಡೆ ಹತ್ತಿ ಕೂಗಿ ಹೇಳುವುದನ್ನು ಕೈಬಿಟ್ಟು, ಈ ಕೆಳಗಿನಂತೆ ಕ್ರಮವಾಗಿ ನಿವೇದಿಸಿಕೊಳ್ಳುತ್ತಾಳೆ.

೧. ಅರ್ಜಿದಾರಳು ಅಜ್ಜಿಯ ಕತೆ ಕೇಳುತ್ತಲೇ ಬೆಳೆದವಳು. ಸದರಿ ಅಜ್ಜಿ ಒಂದು ಸಂಜೆ ಹೊಸ ಕತೆ ಶುರು ಮಾಡಿದಳು. ಏಳು ಜನ ಅಕ್ಕತಂಗಿಯರು. ಅವರಲ್ಲಿ ಕಿರಿಯವಳನ್ನು ಮಧ್ಯಾಹ್ನದ ಸೂರ್ಯನಿಗೆ ಕೊಡುವುದೆಂದು ಮಾತಾಗುತ್ತದೆ. ಅವಳು ಬಿಳಿ ಸೀರೆ ಉಟ್ಟು, ಧಗಧಗ ಉರಿಯುವ ಅವನ ಮನೆ ಬಾಗಿಲಿಗೆ ಬಂದು, ಹೊಸ್ತಿಲು ದಾಟಲು ಬಲಗಾಲು ಎತ್ತುತ್ತಾಳೆ. ಇಷ್ಟು ಹೇಳಿ ಅಜ್ಜಿ ಮುಖ ತೊಳೆಯಲು ಎದ್ದು ಹೋದಳು. ತಿರುಗಿ ಬಂದವಳನ್ನು ಮುಂದೇನಾಯಿತೆಂದು ಕೇಳಿದ್ದಕ್ಕೆ, ‘ನಮ್ಮ ಹಿತ್ತಲಲ್ಲಿ ಒಂದು ಬಿಳಿ ಗುಲಾಬಿ ಬಿಡ್ಲಿ. ಮಧ್ಯಾಹ್ನದ ಬಿಸಿಲು ಇಳಿಯೋ ತನಕ ಸುಡದೆ ನಿಲ್ಲಲಿ. ಆವತ್ತು ಹೇಳ್ತೀನಿ’ ಎಂದಳು. ಅಂದಿನಿಂದ ಆ ಹುಡುಗಿ ಒಂಟಿಕಾಲಲ್ಲೇ ನಿಂತಿದ್ದಾಳೆ.

೨. ಆದ್ದರಿಂದ ಅರ್ಜಿದಾರಳು ನರ್ಸರಿಗೆ ಹೋಗಿ ಬಿಳಿ ಪೊದೆ ಗುಲಾಬಿಯ ಸಸಿ ತಂದಳು. ನರ್ಸರಿಯವನು, ಬಿಳಿ ಬಣ್ಣ ಬಲು ನಾಜೂಕು, ಬೆಳಗಿನ ಬಿಸಿಲು ಎಷ್ಟು ಬೇಕಾದರೂ ಕುಡಿಯಲಿ, ಮಧ್ಯಾಹ್ನದ್ದು ಬಿದ್ದರೆ ಅಂಚು ಕಂದುತ್ತದೆ ಎಂದೇನೋ ಹೇಳಿದ. ಅರ್ಜಿದಾರಳ ಮನಸ್ಸು ಎತ್ತಿದ ಕಾಲಿನ ಮೇಲಿದ್ದ ಕಾರಣ ಈ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿತ್ತು. ಸಸಿಯನ್ನು ತಮ್ಮ ಗೋಡೆಯ ಬುಡದಿಂದ ತುಸು ಈಚೆಗೆ ನೆಟ್ಟು, ಬೇರು ತಣ್ಣಗಿರಲೆಂದು ಒಣ ಎಲೆ ಹೊದಿಸಿ, ಬೆಳಗ್ಗೆ ಎಲೆ ನೆನೆಯದಂತೆ ಬುಡಕ್ಕೆ ಮಾತ್ರ ನೀರು ಹಾಕಿದಳು. ಮಧ್ಯಾಹ್ನ ಊಟವಾದ ಮೇಲೆ ಪಕ್ಕದಲ್ಲಿ ಕೂತು ಅಜ್ಜಿಯ ಕತೆಗಳನ್ನು ಒಂದೊಂದಾಗಿ ಅದಕ್ಕೆ ಹೇಳಿದಳು. ಯಾಕೆಂದರೆ ಅಜ್ಜಿಯ ಪ್ರಕಾರ ಕತೆ ಕೇಳದೆ ಬೆಳೆದದ್ದು ಈ ಲೋಕದಲ್ಲಿ ಯಾವುದೂ ಇಲ್ಲ.

೩. ಪೊದೆ ಸೊಂಪಾಗಿ ಹರಡಿ ಸೊಂಟದೆತ್ತರ ಬಂತು. ಇದು ಕತೆಯ ಮಹಿಮೆಯೆಂದು ಅರ್ಜಿದಾರಳು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಎದುರು ಮನೆಯ ಟೈಲರಕ್ಕ ಆ ಮಾತು ನಂಬಿ, ಕಾಯಿ ಬಿಡದ ತನ್ನ ನಿಂಬೆ ಗಿಡಕ್ಕೆ ಹೊಲಿಗೆ ಬಿಟ್ಟು ಕತೆ ಹೇಳಿದಳು. ನಿಂಬೆ ಜಪ್ಪಯ್ಯ ಅನ್ನಲಿಲ್ಲ. ಟೈಲರಕ್ಕ ಈಗ ಅರ್ಜಿದಾರಳೊಂದಿಗೆ ಮಾತು ಬಿಟ್ಟಿದ್ದಾಳೆ.

೪. ಹೀಗಿರುವಲ್ಲಿ, ಮೊದಲ ಮೊಗ್ಗುಗಳು ಬಂದ ಸುಮಾರಿಗೆ ತಮ್ಮ ಅಂಗಡಿಗೆ ಬಟ್ಟೆ ಒಣಗಿಸುವ ಯಂತ್ರ ಬಂತು. ಗೋಡೆಯಾಚೆ ಗುರ್ ಎನ್ನುವ ಸದ್ದು ಶುರುವಾದ ವಾರದಲ್ಲೇ ಮೊಗ್ಗುಗಳು, ಇಸ್ತ್ರಿ ಪೆಟ್ಟಿಗೆ ಮರೆತು ಇಟ್ಟ ಅಂಗಿಯಂತೆ, ಅಂಚಿನಿಂದ ಕಂದತೊಡಗಿದವು. ಕತೆಯಲ್ಲೇ ಏನೋ ದೋಷವಿದೆಯೆಂದು ಅರ್ಜಿದಾರಳು ತೀರ್ಮಾನಿಸಿದಳು. ಮೊದಲು ರಾಕ್ಷಸರನ್ನು ತೆಗೆದು ಹೇಳಿದಳು. ಆಮೇಲೆ ಮಲತಾಯಂದಿರನ್ನು ಕೈಬಿಟ್ಟಳು. ಕಡೆಗೆ ಎಲ್ಲರೂ ಉಂಡು ಮಲಗುವ ಕತೆಯನ್ನಷ್ಟೇ ಹೇಳಿದಳು. ಮೊಗ್ಗುಗಳು ಸುಡುತ್ತಲೇ ಹೋದವು.

೫. ಒಂದು ದಿನ ತಮ್ಮ ಯಂತ್ರ ಕೆಟ್ಟಿತು. ಲಾಡ್ಜಿನ ಬಿಳಿ ಬೆಡ್‌ಶೀಟುಗಳನ್ನು ತಾವು ಹಿಂದಿನಂತೆ ಮಹಡಿಯ ಹಗ್ಗಕ್ಕೆ ಹಾಕಿದಿರಿ. ಎರಡು ಗಂಟೆಗೆ ಅವುಗಳ ನೆರಳು ಗೋಡೆ ಇಳಿದು ಪೊದೆಯ ಮೇಲೆ ಬಂದು ಕೂತಿತು. ಜೋತುಬಿದ್ದ ಎಲೆಗಳು ನೋಡನೋಡುತ್ತ ಕತ್ತೆತ್ತಿದವು. ಗಿಡವನ್ನು ಇಷ್ಟು ದಿನ ಸಾಕಿದ್ದು ಏಳು ಸಮುದ್ರದಾಚೆಯ ಕತೆಗಳಲ್ಲ, ಪಕ್ಕದ ಲಾಡ್ಜಿನ ಹಾಸಿಗೆ ಬಟ್ಟೆ ಎಂಬುದನ್ನು ಅರಗಿಸಿಕೊಳ್ಳಲು ಅರ್ಜಿದಾರಳಿಗೆ ಇಡೀ ಸಂಜೆ ಬೇಕಾಯಿತು. ಮರುದಿನ ಯಂತ್ರ ರಿಪೇರಿಯಾಯಿತು.

೬. ಬದಲಿ ನೆರಳಿಗಾಗಿ ಅರ್ಜಿದಾರಳು ಪಟ್ಟ ಪಾಡು ಕಡಿಮೆಯದಲ್ಲ. ಕಟ್ಟಿದ ಛತ್ರಿ ಗಾಳಿಗೆ ಹಾರಿ ತಮ್ಮ ವಶಕ್ಕೆ ಸೇರಿತು (ಉಲ್ಲೇಖ ೩). ಅಮ್ಮನ ಹಳೆಯ ಹಸಿರು ಸೀರೆಯನ್ನು ಕೋಲುಗಳಿಗೆ ಸುತ್ತಿದ್ದಕ್ಕೆ ಅಮ್ಮ, ‘ಗಿಡಕ್ಕೆ ಸೀರೆ ಉಡಿಸ್ತೀಯ, ನೀನು ಉಡು ಅಂದ್ರೆ ಜ್ವರ ಬರುತ್ತೆ’ ಎಂದು ಬಿಚ್ಚಿಕೊಂಡು ಹೋದಳು. ಕಡೆಗೆ ಅರ್ಜಿದಾರಳು ತಾನೇ ಕೈ ಅಗಲಿಸಿ ಅಡ್ಡ ನಿಂತಳು. ತಲೆಸುತ್ತು ಬಂದು ಪೊದೆಯ ಮೇಲೇ ಬಿದ್ದಳು. ಮುಳ್ಳಿನ ಗೀರುಗಳನ್ನು ತಾವು ಬಂದು ಪರಿಶೀಲಿಸಬಹುದು.

೭. ಈ ಅಂಶವನ್ನು ಮೊದಲೇ ಬರೆಯಬೇಕಿತ್ತು. ಕೈ ಬಾರದ ಕಾರಣ ಇಲ್ಲಿಗೆ ಬಂದಿದೆ. ಅಜ್ಜಿಗೆ ಈಚೆಗೆ ಮರೆವು. ಮೊನ್ನೆ ಕಿರಿಯವಳನ್ನು ಐದನೆಯವಳೆಂದಳು. ನಿನ್ನೆ, ‘ಮದುವೆ ಯಾರದ್ದೇ?’ ಎಂದು ಕೇಳಿದಳು. ಷರತ್ತು ಸಡಿಲಿಸಿ ಕತೆಯ ಕೊನೆಯನ್ನು ಈಗಲೇ ಹೇಳಿಬಿಡು ಎಂದು ಅರ್ಜಿದಾರಳು ಗೋಗರೆದಳು. ಅಜ್ಜಿ ತನ್ನ ಅಂಗೈ ನೋಡಿಕೊಳ್ಳುತ್ತ, ‘ಮರ್ತಿಲ್ಲ ಕಣೇ. ಇಲ್ಲೇ ಎಲ್ಲೋ ಇದೆ. ಹೂವು ನೋಡಿದ್ರೆ ಬಾಯಿಗೆ ಬರುತ್ತೆ’ ಎಂದಳು.

ಪೊದೆಯಲ್ಲಿ ಈಗ ಉಳಿದಿರುವುದು ಒಂದೇ ಮೊಗ್ಗು. ಹಸಿರು ಬಿರಿದು ಬಿಳಿ ಇಣುಕಿದೆ. ಇಂದೋ ನಾಳೆಯೋ ಅರಳುತ್ತದೆ.

೮. ತಮ್ಮ ಯಂತ್ರ ಸುಮ್ಮನೆ ನೋಡಲು ತಂದದ್ದಲ್ಲ ಎಂದು ತಾವು ಹೇಳಿದ್ದು ನ್ಯಾಯವೇ. ಆದರೆ ಒಂದು ಸಂಗತಿಯನ್ನು ದಾಖಲಿಸುವುದು ಅರ್ಜಿದಾರಳ ಕರ್ತವ್ಯ. ಹಗ್ಗದ ದಿನಗಳಲ್ಲಿ ತಾವು ಒಂದು ಬೆಡ್‌ಶೀಟಿಗೆ ಕ್ಲಿಪ್ಪು ಹಾಕಲು ಒಂದು ಪೂರಾ ಕತೆಯಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದಿರಿ. ಯಂತ್ರ ಕೆಟ್ಟ ದಿನ ಮಹಡಿಯಿಂದ ಬಗ್ಗಿ, ‘ಏನಮ್ಮಾ, ಆ ಕಾಲೆತ್ತಿದ ಹುಡುಗಿ ಏನಾದ್ಲು?’ ಎಂದು ಕೇಳಿದಿರಿ. ಗೊತ್ತಿಲ್ಲ ಮಾವ ಎಂದದ್ದಕ್ಕೆ, ಇದೂ ಒಂದು ಕತೆಯಾ ಎಂದು ಗೊಣಗುತ್ತ ಒಳಗೆ ಹೋದಿರಿ. ಇದಕ್ಕೆ ಅರ್ಥ ಕಟ್ಟಲು ಅರ್ಜಿದಾರಳು ಹೋಗುವುದಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದಯಮಾಡಿ:

(ಅ) ಹೂವು ಅರಳಿ ಒಂದು ಮಧ್ಯಾಹ್ನ ದಾಟುವವರೆಗೆ, ಮೂಲೆಯ ಹಗ್ಗಕ್ಕೆ ಒಂದು ಬೆಡ್‌ಶೀಟು ಹಾಕಿಸಬೇಕು. ಹಸಿಯಾದರೂ ಸರಿ, ಒಣಗಿದ್ದಾದರೂ ಸರಿ. ಬಿಳಿಯದೇ ಆಗಬೇಕು, ಹೂಬಳ್ಳಿಯ ಚಿತ್ತಾರವಿದ್ದದ್ದನ್ನು ಅಜ್ಜಿ ಒಪ್ಪಲಾರಳು.

(ಆ) ಹಗ್ಗ ಈಗಾಗಲೇ ಬಿಚ್ಚಿಹಾಕಿದ್ದಲ್ಲಿ, ತಾವೇ ಮಹಡಿಯಲ್ಲಿ ನಿಂತು ಬೆಡ್‌ಶೀಟಿನ ಒಂದು ತುದಿ ಹಿಡಿಯಬೇಕು. ಇನ್ನೊಂದು ತುದಿಯನ್ನು ಅರ್ಜಿದಾರಳು ಗೋಡೆಯ ಮೇಲಿಂದ ಹಿಡಿಯುತ್ತಾಳೆ. ಅಮ್ಮನಿಗೆ ಹೇಳಬಾರದು.

(ಇ) ಇದಕ್ಕೆ ಪ್ರತಿಯಾಗಿ ಕತೆಯ ಕೊನೆಯನ್ನು ಮಹಡಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿಸಲಾಗುವುದು.

(ಈ) ಒಂದು ವೇಳೆ ಹೂವು ನೋಡಿದ ಮೇಲೂ ಅಜ್ಜಿಯ ಬಾಯಿಗೆ ಕತೆ ಬಾರದಿದ್ದಲ್ಲಿ, ಅದರ ಮೊದಲ ಭಾಗ ಬಲ್ಲವರು ಈ ಬೀದಿಯಲ್ಲಿ ತಾವು ಮತ್ತು ಅರ್ಜಿದಾರಳು ಇಬ್ಬರೇ ಆಗಿರುವ ಕಾರಣ, ಇಬ್ಬರೂ ಅಜ್ಜಿಯ ಎದುರು ಕೂತು, ಎತ್ತಿದ ಆ ಕಾಲನ್ನು ಎಲ್ಲಿ ಇಡಿಸುವುದೆಂದು ತೀರ್ಮಾನಿಸತಕ್ಕದ್ದು. ಆ ಹುಡುಗಿಯನ್ನು ಇನ್ನೂ ನಿಲ್ಲಿಸುವುದು ನ್ಯಾಯವಲ್ಲ.

ತಮ್ಮ ಮತ್ತು ತಮ್ಮ ಬೆಡ್‌ಶೀಟುಗಳ ವಿಶ್ವಾಸಿ,
ಅಜ್ಜಿಯ ಮೊಮ್ಮಗಳು

ಅಡಕಗಳು:
೧. ಕಂದಿದ ಎಸಳು, ಒಂದು.
೨. ಕತೆಯಿಂದ ನಿಂಬೆಗೆ ಯಾವ ಪ್ರಯೋಜನವೂ ಆಗಿಲ್ಲವೆಂಬ ಟೈಲರಕ್ಕನ ಹೇಳಿಕೆ (ಮಾತು ಬಿಟ್ಟಿರುವ ಕಾರಣ ಸಹಿ ಇಲ್ಲ).
೩. ತಮ್ಮ ಹಗ್ಗದಿಂದ ನಮ್ಮ ಹಿತ್ತಲಿಗೆ ಬಿದ್ದಿದ್ದ ಕ್ಲಿಪ್ಪುಗಳು. ಬಳಕೆಗೆ ಯೋಗ್ಯವಾಗಿವೆ.

ಪ್ರತಿ: ಮಧ್ಯಾಹ್ನದ ಸೂರ್ಯ, ಗಂಡಿನ ಕಡೆಯವರು. ಮಾಹಿತಿಗಾಗಿ ಮಾತ್ರ.

ವಿ.ಸೂ.: ಈ ಅರ್ಜಿ ಓದಿ ಮುಗಿಸುವಷ್ಟರಲ್ಲಿ ಎರಡು ಗಂಟೆಯಾಗಿದ್ದಲ್ಲಿ ಉತ್ತರ ಬರೆಯುವ ಅಗತ್ಯವಿಲ್ಲ. ನೇರವಾಗಿ ಬೆಡ್‌ಶೀಟು ಹಾಕುವುದು.