ಗುಲಾಬಿಗೊಂದು ಅಚ್ಚಗನ್ನಡ ಹೆಸರು

ನಮ್ಮ ಮಾವ ಮಹಾ ಕನ್ನಡಾಭಿಮಾನಿ. ಎಷ್ಟೆಂದರೆ, ಆ ಅಭಿಮಾನದ ಕಾಟಕ್ಕೆ ಅವನ ಮುಂದೆ ಕನ್ನಡ ಮಾತಾಡಲು ಮನೆಮಂದಿಯೆಲ್ಲ ಹೆದರುತ್ತಿದ್ದೆವು.

ನಿಜಾಮನ ಆಳ್ವಿಕೆ ಮುಗಿದು, ಶಹಾಪುರದ ಕಚೇರಿಗಳ ಮೇಲೆ ಹೊಸ ಬಾವುಟ ಏರಿದ ವರ್ಷಗಳವು. ಒಂದು ಬೆಳಿಗ್ಗೆ ಮಾವ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ, "ಇವತ್ತಿನಿಂದ ಈ ಮನ್ಯಾಗ ಫಾರ್ಸಿ ಮಾತು ಬಿಲ್ಕುಲ್ ಬಂದ್. ಖಬರ್‌ದಾರ್" ಎಂದು ಸಾರಿದ. ಕೊನೆಯ ಮೂರು ಮಾತು ಯಾವ ಭಾಷೆಯವೆಂದು ಕೇಳುವ ಧೈರ್ಯ ಯಾರಿಗಿತ್ತು?

ಮೊದಲ ಪೆಟ್ಟು ಬಿದ್ದದ್ದು ಅವನಿಗೇ. ಬಚ್ಚಲಲ್ಲಿ ಕೂತು, ಸಾಬೂನು ಎನ್ನಲಾರದೆ, ನೊರೆ ಬರುವುದನ್ನು ತಾ ಎಂದು ಕೂಗಿದ. ಅತ್ತೆ ಅಂಟವಾಳದ ನೀರು ಕೊಟ್ಟಳು. ನೊರೆಯೂ ಬಂತು, ಕಣ್ಣಿಗೂ ಹೋಯಿತು. ಅಂದು ಸಂಜೆಯವರೆಗೂ ಮಾವನದು ಕೆಂಗಣ್ಣಿನ ಕನ್ನಡ!

ಆ ಕಣ್ಣು ಮುಂದೆ ಬಿದ್ದದ್ದು ಅತ್ತೆಯ ಹೆಸರಿನ ಮೇಲೆ. ಅವಳು ಗುಲಾಬಿ. ಹೆಸರಿನ ಮೂಲ ಹುಡುಕಿಕೊಂಡು ಮಾವ ಬಸ್ಸು ಹತ್ತಿ ಸುರಪುರಕ್ಕೆ ಹೋದ. ತನಗೆ ಉರ್ದು ಕಲಿಸಿದ ಮುದುಕ ಮುನ್ಷಿಯನ್ನೇ ಕೇಳಿದ. ಗುಲ್ ಎಂದರೆ ಹೂ, ಆಬ್ ಎಂದರೆ ನೀರು. ಹೂವಿನಿಂದ ಇಳಿಸಿದ ನೀರಿಗಿದ್ದ ಹೆಸರು ನಮ್ಮ ಕಡೆ ಹೂವಿಗೇ ಅಂಟಿಕೊಂಡಿತು ಎಂದು ಮುನ್ಷಿಗಳು ಚಹಾ ಕುಡಿಸಿ ತಿಳಿಸಿದರು. ಮಾವ ಮರಳುವಾಗ ಹೊಸ ಹೆಸರು ಕಟ್ಟಿಕೊಂಡೇ ಬಂದ: ಹೂನೀರವ್ವ.

ಬಾಗಿಲಲ್ಲೇ ನಿಂತು ಜೋರಾಗಿ ಕರೆದ. ಅತ್ತೆ ಓಗೊಡಲಿಲ್ಲ. ಪಕ್ಕದ ಮನೆಯಾಕೆ ಮಾತ್ರ, ಹೂಗಿಡಕ್ಕೆ ನೀರು ಬೇಕೇನೋ ಎಂದುಕೊಂಡು ಒಂದು ಕೊಡ ತಂದಿಟ್ಟಳು. ಮಾವ ಕೂಗುವುದು, ಕೊಡ ಬರುವುದು, ಕೆಲವು ದಿನ ಹೀಗೇ ನಡೆಯಿತು.

ಕೊನೆಗೊಮ್ಮೆ ಊಟಕ್ಕೆ ಕೂತಾಗ ಅವನಿಗೆ ಸಿಟ್ಟು ಬಂತು. ಅರ್ಥ ತಿಳಿದ ಮೇಲೂ ಆ ಹೆಸರನ್ನೇ ಹಿಡಿದುಕೊಂಡರೆ ಹೇಗೆ ಎಂದು ಗದರಿದ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅರ್ಥ ಕೇಳಿ ಬಂದೀರಿ. ಯಾರು ಇಟ್ಟಾರ ಅಂತ ಕೇಳೀರೇನು? ನಾ ಹುಟ್ಟಿದಾಗ ಅಳಲೇ ಇಲ್ಲಂತ. ಬಾಜೂ ಮನಿ ಬೀಬಿ ಓಡಿ ಬಂದು ಮುಖಕ್ಕ ಗುಲಾಬನೀರು ಚಿಮುಕಿಸಿದಳು. ಆಗ ಅತ್ತೀನಿ. ಆಕೀನೇ ಇಟ್ಟ ಹೆಸರ್ರಿ ಇದು."

ಆ ಬೀಬಿ ಈಗ ಎಲ್ಲಿದ್ದಾಳೆಂದು ಮಾವ ಮೆಲ್ಲಗೆ ಕೇಳಿದ.

"ನಿಜಾಮ ಹೋದಾಗಿನ ಗದ್ದಲದಾಗ ಊರು ಬಿಟ್ಟು ಹೋದಳು. ಹೆಸರೊಂದು ಉಳದದ. ಅದನ್ನೂ ಊರು ಬಿಡಸ್ತೀರೇನ್ರಿ?"

ಮಾವ ಗಂಗಾಳ ಮುಂದೆ ಸರಿಸಿ, "ಗುಲಾಬೀ, ಇನ್ನೊಂದು ರೊಟ್ಟಿ ಹಾಕು" ಎಂದ. 'ಏ, ಇಲ್ಲಿ ಕೇಳು' ಎಂದಷ್ಟೇ ಕರೆದು ಸಂಸಾರ ಮಾಡಿದ್ದ ಮನುಷ್ಯನ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ಅತ್ತೆ ಒಲೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದಿತ್ತು. ಮಾವ ಅದನ್ನೇ ತಿಂದ.