ಎಲ್ಲಿಗೂ ಹೋಗದ ಸೈಕಲ್

ಅಳಿಯನಾದವನಿಗೆ ಮಾವನ ಮನೆಯಲ್ಲಿ ಹೋಳಿಗೆ ತಿನ್ನುವುದನ್ನು ಬಿಟ್ಟರೆ ಬೇರೆ ಕೆಲಸವಿರುವುದಿಲ್ಲ. ಆ ನಾಚಿಕೆ ಮುಚ್ಚಿಕೊಳ್ಳಲು ಅವನು ಬುದ್ಧಿ ಹೇಳಲು ಶುರು ಮಾಡುತ್ತಾನೆ. ನಾನಂತೂ ಹಿರಿಯೂರಿನ ಶಾಲಾ ಮೇಷ್ಟ್ರು, ಬುದ್ಧಿ ಹೇಳುವುದಕ್ಕೇ ಸಂಬಳ ತೆಗೆದುಕೊಳ್ಳುವವನು. ಆದಿವಾಲದಲ್ಲಿ ಕುರಿ ಸಾಕಿಕೊಂಡಿದ್ದ ನಮ್ಮ ಮಾವ ದಿಬ್ಬ ಹತ್ತುವಾಗ ಎದೆ ಹಿಡಿದುಕೊಂಡು ಕುಳಿತರೆಂದು ಕೇಳಿದ್ದೇ ತಡ, "ಕುರಿ ಮಾರಿಬಿಡಿ ಮಾವ, ನಮ್ಮ ಮನೆಗೆ ಬಂದು ಹಾಯಾಗಿರಿ" ಎಂದೆ. "ಕುರಿ ಮಾರಿದ ದಿನ ಎದೆ ತಾನಾಗೇ ನಿಲ್ತೈತೆ, ಬಿಡ್ರಿ" ಎಂದರು ಮಾವ.

ಚಿತ್ರದುರ್ಗದ ಡಾಕ್ಟರು ಪರೀಕ್ಷೆ ಮಾಡಿ, ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಹೊಸ ಯಂತ್ರ ಬಂದಿದೆ, ಅದು ಒಪ್ಪಿದರೆ ಕುರಿ, ಇಲ್ಲದಿದ್ದರೆ ಅಳಿಯನ ಮನೆ ಎಂದು ತೀರ್ಪು ಕೊಟ್ಟರು. ಅಂದಿನಿಂದ ಮಾವ ಮನೆದೇವರ ಜೊತೆಗೆ ಆ ಯಂತ್ರಕ್ಕೂ ಕೈಮುಗಿಯತೊಡಗಿದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಣು ಎಂದರೆ ನಮಗೆಲ್ಲ ಬಾಂಬೊಂದೇ ಗೊತ್ತು. ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ಅಣುವಿನ ಔಷಧಿಯನ್ನು ಮಾವನ ತೋಳಿಗೆ ಚುಚ್ಚಿದಾಗ ನಾನು ಹಿಂದೆ ಸರಿದು ಗೋಡೆಗೆ ಅಂಟಿಕೊಂಡೆ. ಮಾವ ಕಣ್ಣು ಮಿಟುಕಿಸಲಿಲ್ಲ. ಔಷಧಿ ರಕ್ತದೊಡನೆ ಹೃದಯಕ್ಕೆ ಹೋಗುತ್ತದೆ, ಎದೆಯ ಮೇಲಿನ ಕ್ಯಾಮೆರಾ ಅದನ್ನು ಹಿಡಿಯುತ್ತದೆ, ದಣಿದಾಗ ಹೃದಯ ರಕ್ತವನ್ನು ಹೇಗೆ ನೂಕುತ್ತದೆಂದು ಕಾಣುತ್ತದೆ ಎಂದರು ಅಲ್ಲಿನ ಡಾಕ್ಟರು. ದಣಿಯುವುದಕ್ಕೆಂದು, ಮಲಗಿಕೊಂಡೇ ತುಳಿಯುವ ಒಂದು ಸೈಕಲ್ ಇತ್ತು.

ಗ್ರಹಚಾರ ಕೆಟ್ಟದ್ದು ಅಲ್ಲೇ. ಮಾವ ಸ್ವಲ್ಪ ತುಳಿದು ನಿಲ್ಲಿಸಿಬಿಟ್ಟರು. "ಜೋರಾಗಿ ತುಳಿಯಿರಿ ಅಜ್ಜ, ದಣಿವಾಗಬೇಕು" ಎಂದರು ಡಾಕ್ಟರು.

"ಎಲ್ಲಿಗೂ ಹೋಗದ ಸೈಕಲ್ನ ಯಾಕ್ ತುಳೀಬೇಕ್ರಿ? ಎಷ್ಟು ತುಳಿದ್ರೂ ಊರು ಬರಲ್ಲ!"

"ದಣಿಯದಿದ್ದರೆ ನಾನೇನೂ ಹೇಳಲಾರೆ. ಕುರಿ ಆಸೆ ಬಿಡಬೇಕಾಗುತ್ತೆ" ಎಂದರು ಡಾಕ್ಟರು. ಮಾವ ಮತ್ತೆ ತುಳಿಯಲು ನೋಡಿದರು, ಕಾಲು ಏಳಲಿಲ್ಲ. ಸುಮ್ಮನೆ ದಣಿಯುವುದು ಅವರ ಜನ್ಮದಲ್ಲಿ ಇರಲಿಲ್ಲ. ಮುಖ ಸಣ್ಣದಾಯಿತು. ಕುರಿ ಮಾರಿ ಎಂದವನು ನಾನೇ, ಆದರೂ ಆ ಮುಖ ನೋಡಿ ಗೋಡೆ ಬಿಟ್ಟು ಮುಂದೆ ಬಂದೆ. ತಡೆಯಲಾರದೆ ಕೂಗಿದೆ: "ಮಾವಾ! ಕುರಿ ಎಲ್ಲಾ ಗೌಡ್ರ ಶೇಂಗಾ ಹೊಲಕ್ಕೆ ನುಗ್ಯಾವೆ!"

ಸೈಕಲ್ ಗಿರ್ರೆಂದಿತು. "ಲೇ ಮೇಷ್ಟ್ರೇ, ನಿಂತು ಏನ್ ನೋಡ್ತೀರಿ, ಟಗರು ತಡೀರಿ!" ಎಂದು ಮಾವ ಅಬ್ಬರಿಸಿದರು. ನಾನು ಕೈ ಅಗಲಿಸಿ, ಇಲ್ಲದ ಟಗರನ್ನು ಅಡ್ಡಗಟ್ಟುತ್ತ ಕೋಣೆಯ ಆ ಮೂಲೆಯಿಂದ ಈ ಮೂಲೆಗೆ ಓಡಾಡಿದೆ. ನರ್ಸಮ್ಮನೂ ಒಂದು ಕಡೆ ಸರಿದು ದಾರಿ ಬಿಟ್ಟರು. ಮಾವ ಮಾತ್ರ ಎದೆ ಅಲ್ಲಾಡಿಸದೆ, ಬೆವರು ಸುರಿಸಿ ತುಳಿದರು.

ಚಿತ್ರ ನೋಡಿ ಡಾಕ್ಟರು ನಕ್ಕರು. "ದಣಿದಷ್ಟೂ ಬಲವಾಗಿ ನೂಕುತ್ತಿದೆ ಅಜ್ಜ ನಿಮ್ಮ ಹೃದಯ. ಮಾತ್ರೆ ತಗೊಳ್ಳಿ, ಕುರಿ ಹಿಂದೆ ಹೋಗಿ." ಮಾವ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಆಮೇಲೆ ಡಾಕ್ಟರು, ಬಾಗಿಲು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ ನನ್ನ ಕಡೆ ತಿರುಗಿದರು. "ನಿಮಗೆ ಯಂತ್ರ ಬೇಡ, ಬರಿಗಣ್ಣಿಗೇ ಕಾಣುತ್ತಿದೆ. ನಡೆಯುವುದು ಅಭ್ಯಾಸ ಮಾಡಿಕೊಳ್ಳಿ."

ಅಲ್ಲಿಂದಾಚೆ ಭಾನುವಾರ ಬಂತೆಂದರೆ ಮಾವನ ಹಿಂಡಿನ ಹಿಂದೆ ನನ್ನ ನಡಿಗೆ. ಒಂದು ಸಂಜೆ ಕುರಿಗಳೆಲ್ಲ ಹಟ್ಟಿ ಸೇರಿದ ಮೇಲೂ ಮಾವ ಗೇಟು ಹಾಕಲಿಲ್ಲವಂತೆ. ಅತ್ತೆ ಕೇಳಿದ್ದಕ್ಕೆ ಅವರು ಕೂಗಿ ಕೊಟ್ಟ ಉತ್ತರ, ದಿಬ್ಬದ ಆಚೆ ದಣಿದು ಕಲ್ಲಿನ ಮೇಲೆ ಕುಳಿತಿದ್ದ ನನಗೂ ಕೇಳಿಸಿತು: "ತಡಿಯೇ, ಕುಂಟ್ಮರೀನೂ ಬಂದೈತೆ. ಇನ್ನು ನಮ್ಮ ಮೇಷ್ಟ್ರು ಒಬ್ರು ಬರ್ಬೇಕು."